ಹೋದ ಸಬ್ಜೆಕ್ಟಿಗೆ ಮತ್ತೆ ಕೂರುವ ಮೊದಲು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಯಾರಿಗೆ ಯಾವ ಸಬ್ಜೆಕ್ಟ್ ಹೋಗಿದೆ ಎಂದು ನಾನು ಕೈ ಎತ್ತಿಸುವುದಿಲ್ಲ, ಗಾಬರಿ ಬೇಡ. ಕೆಲವರು ಗೆಳೆಯನ ಜೊತೆ ಸುಮ್ನೆ ಬಂದಿರಬಹುದು. ಕೆಲವರು ಹಾಗೆ ಹೇಳಿಕೊಂಡು ಬಂದಿರಬಹುದು. ಎರಡೂ ನಡೆಯುತ್ತದೆ.

ಸೋತು ಗೆದ್ದ ದೊಡ್ಡವರ ಕಥೆ ಹೇಳುವುದಕ್ಕೂ ನಾನು ಬಂದಿಲ್ಲ. ರಿಸಲ್ಟ್ ಬಂದ ದಿನದಿಂದ ಅಂಥ ಕಥೆಗಳನ್ನು ಸಿಕ್ಕಿದವರೆಲ್ಲ ನಿಮಗೆ ಹೇಳುತ್ತಲೇ ಇರುತ್ತಾರೆ. ಕೇಳುವಾಗ ಹಿತವಾಗಿರುತ್ತದೆ. ಮರುದಿನ ಪುಸ್ತಕ ತೆರೆದಾಗ ಯಾವ ಉಪಯೋಗಕ್ಕೂ ಬರುವುದಿಲ್ಲ.

ನನ್ನ ಪ್ರಶ್ನೆ ಬೇರೆ. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿ ಇಂಥ ವೃತ್ತಿಪರ ಪದವಿಗಳಲ್ಲಿ ಒಂದು ಸಬ್ಜೆಕ್ಟ್ ಫೇಲಾದವರು ಎರಡನೇ ಸಲವೂ ಅದರಲ್ಲೇ ಯಾಕೆ ಫೇಲಾಗುತ್ತಾರೆ? ಮೊದಲ ಸಲಕ್ಕೆ ನೂರು ಕಾರಣ ಇರಬಹುದು. ಕಾಯಿಲೆ, ಮನೆಯ ತಾಪತ್ರಯ, ಪಾಠ ಅರ್ಥವಾಗದ್ದು, ಉಡಾಫೆ. ಎರಡನೇ ಸಲಕ್ಕೆ ನನಗೆ ಹೆಚ್ಚಾಗಿ ಕಾಣುವುದು ಒಂದೇ ಕಾರಣ. ಎಲ್ಲಿ ಹೋಯಿತು ಎಂದು ನೋಡದೆಯೇ ಮತ್ತೆ ಓದಲು ಕೂತುಬಿಡುತ್ತಾರೆ. ಅದೇ ನೋಟ್ಸ್, ಅದೇ ಕ್ರಮ. ಗಂಟೆ ಮಾತ್ರ ಜಾಸ್ತಿ.

ಹಾಗಾಗಿ ಇವತ್ತಿನ ಮಾತಿನಲ್ಲಿ ಓದುವುದು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ.

ರಿಸಲ್ಟ್ ಬಂದ ದಿನ ಏನೂ ಮಾಡಬೇಡಿ. ಅಂದು ತೆಗೆದುಕೊಳ್ಳುವ ತೀರ್ಮಾನಗಳು ಸಿಟ್ಟಿನವು ಇಲ್ಲವೇ ಅಳುವಿನವು. ಆದರೆ ಆ ವಾರ ಮುಗಿಯುವುದರೊಳಗೆ ಎರಡು ಕಾಗದ ನಿಮ್ಮ ಕೈಯಲ್ಲಿರಬೇಕು. ಒಂದು, ನಿಮ್ಮ ಉತ್ತರ ಪತ್ರಿಕೆ ಅಥವಾ ಅದರ ನಕಲು. ಇನ್ನೊಂದು, ನಿಮ್ಮ ಪದವಿಯ ನಿಯಮಾವಳಿ. ಗೆಳೆಯರು ಹೇಳಿದ ನಿಯಮ ಅಲ್ಲ, ಅಚ್ಚಾದ ನಿಯಮ. ಹಾಸ್ಟೆಲ್‌ನಲ್ಲಿ ಹರಿದಾಡುವ ನಿಯಮಗಳು ಎರಡು ಬ್ಯಾಚ್ ಹಳೆಯವಾಗಿರುತ್ತವೆ.

ಮೊದಲು ಉತ್ತರ ಪತ್ರಿಕೆ. ಇದನ್ನು ತೆರೆಯುವುದಕ್ಕೇ ಜನ ಹೆದರುತ್ತಾರೆ. ತರಿಸಿಕೊಂಡವರೂ ಮರುಮೌಲ್ಯಮಾಪನಕ್ಕೆ ಹಾಕಬಹುದೇ ಎಂದಷ್ಟೇ ನೋಡುತ್ತಾರೆ. ಎಲ್ಲಿ ಎರಡು ಅಂಕ ಕೊಡಬಹುದಿತ್ತು ಎಂದು ಹುಡುಕುತ್ತಾರೆ. ಅದನ್ನೂ ಹುಡುಕಿ, ತಪ್ಪಿಲ್ಲ. ಆಮೇಲೆ ಅದೇ ಪತ್ರಿಕೆಯನ್ನು ಇನ್ನೊಂದು ಸಲ ಓದಿ. ಈ ಸಲ ಕೆಂಪು ಶಾಯಿಯವರ ತಪ್ಪು ಹುಡುಕಬೇಡಿ. ಹೋದ ಪ್ರತಿಯೊಂದು ಅಂಕದ ಪಕ್ಕದಲ್ಲಿ ಅದು ಯಾಕೆ ಹೋಯಿತು ಎಂದು ಬರೆಯಿರಿ.

ನೂರಕ್ಕೆ 38 ಬಂದಿದೆ, ಪಾಸಿಗೆ 50 ಬೇಕಿತ್ತು ಎಂದುಕೊಳ್ಳೋಣ. ಎಲ್ಲರ ಕಣ್ಣೂ ಕಡಿಮೆ ಬಿದ್ದ 12 ಅಂಕದ ಮೇಲಿರುತ್ತದೆ. ನೀವು ನೋಡಬೇಕಾದದ್ದು ಹೋದ 62 ಅಂಕಗಳನ್ನು. ಅವು ಒಂದೇ ಕಾರಣಕ್ಕೆ ಹೋಗಿರುವುದಿಲ್ಲ. ಕೆಲವು, ವಿಷಯವೇ ಗೊತ್ತಿಲ್ಲದೆ ಹೋಗಿರುತ್ತವೆ. ಕೆಲವು, ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗದೆ ಹೋಗಿರುತ್ತವೆ. ಕೆಲವು ಕಡೆ ಪ್ರಶ್ನೆ ಕೇಳಿದ್ದೇ ಒಂದು, ನೀವು ಬರೆದದ್ದೇ ಇನ್ನೊಂದು. ಕೊನೆಯ ಎರಡು ಪ್ರಶ್ನೆಗೆ ಸಮಯವೇ ಸಾಕಾಗಿರುವುದಿಲ್ಲ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಸಮಯ ಸಾಲದೆ ಹೋದ 20 ಅಂಕಕ್ಕೆ ಪುಸ್ತಕವನ್ನು ಮೂರನೇ ಸಲ ಓದಿ ಏನು ಬಂತು? ಅಲ್ಲಿ ಬೇಕಾದದ್ದು ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ. ಗೊತ್ತಿಲ್ಲದೆ ಹೋದ 20ಕ್ಕೆ ಗಡಿಯಾರ ಇಟ್ಟು ಬರೆದರೂ ಉಪಯೋಗ ಇಲ್ಲ.

ಐದನೇ ಕಾರಣ ಒಂದಿದೆ. ವೃತ್ತಿಪರ ಪದವಿಗಳಲ್ಲಿ ನಾನು ಅತಿ ಜಾಸ್ತಿ ಕಂಡಿರುವುದು ಇದನ್ನೇ, ಮತ್ತು ಇದು ಉತ್ತರ ಪತ್ರಿಕೆಯಲ್ಲಿ ನೇರವಾಗಿ ಕಾಣುವುದಿಲ್ಲ. ಫೇಲಾದದ್ದು ಈ ಸಬ್ಜೆಕ್ಟಿನಲ್ಲಿ, ಕೊರತೆ ಇರುವುದು ಹಿಂದಿನ ಸಬ್ಜೆಕ್ಟಿನಲ್ಲಿ. ಥರ್ಮೊಡೈನಾಮಿಕ್ಸ್‌ನಲ್ಲಿ ಹೋದವನ ಪತ್ರಿಕೆ ನೋಡಿದರೆ ನಿಯಮಗಳೆಲ್ಲ ಸರಿಯಾಗಿ ಬರೆದಿರುತ್ತಾನೆ. ಪಾರ್ಶಿಯಲ್ ಡೆರಿವೇಟಿವ್ ಎಂಬ ಹಿಂದಿನ ಗಣಿತ ಬಂದ ಕಡೆಯೆಲ್ಲ ನಿಂತುಬಿಟ್ಟಿರುತ್ತಾನೆ. ಫಾರ್ಮಕಾಲಜಿಯಲ್ಲಿ ಹೋದವಳಿಗೆ ಔಷಧಗಳ ಹೆಸರು, ಕೆಲಸ, ಅಡ್ಡಪರಿಣಾಮ ಎಲ್ಲ ಗೊತ್ತಿರುತ್ತದೆ. ಮಿಲಿಗ್ರಾಂ, ಮೈಕ್ರೊಗ್ರಾಂ, ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಲೆಕ್ಕ ಬಂದಾಗ ಕೈ ನಡುಗುತ್ತದೆ. ಕಟ್ಟಡ ವಿನ್ಯಾಸದ ಪತ್ರಿಕೆಯಲ್ಲಿ ಹೋದವರಿಗೆ ಎಷ್ಟೋ ಸಲ ಫ್ರೀ ಬಾಡಿ ಡಯಾಗ್ರಾಂ, ಅಂದರೆ ಒಂದು ವಸ್ತುವಿನ ಮೇಲೆ ಬೀಳುವ ಬಲಗಳನ್ನೆಲ್ಲ ತೋರಿಸುವ ಚಿತ್ರ, ಸರಿಯಾಗಿ ಬಂದಿರುವುದಿಲ್ಲ. ಅದು ಮೊದಲ ವರ್ಷದ ಪಾಠ.

ಇಂಥವರು ಹೋದ ಸಬ್ಜೆಕ್ಟಿನ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಾರೆ. ಎಷ್ಟು ಓದಿದರೂ ಅದೇ ಪುಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ತಮಗೆ ತಲೆ ಇಲ್ಲ ಎಂದು ತೀರ್ಮಾನಿಸುತ್ತಾರೆ. ತಲೆ ಇದೆ. ಎರಡು ವಾರ ಒಂದು ಮೆಟ್ಟಿಲು ಕೆಳಗಿಳಿದು ಕೂತರೆ ಸಾಕಾಗಿತ್ತು. ಮೂರನೇ ವರ್ಷದಲ್ಲಿ ಮೊದಲ ವರ್ಷದ ಪುಸ್ತಕ ಹಿಡಿದು ಲೈಬ್ರರಿಯಲ್ಲಿ ಕೂರುವುದಕ್ಕೆ ನಾಚಿಕೆಯಾಗುತ್ತದೆ, ನಿಜ. ರೂಮಿನಲ್ಲಿ ಕೂತು ಓದಿ.

ಈಗ ಎರಡನೇ ಕಾಗದ, ನಿಯಮಾವಳಿ. ಓದಲು ಬೇಸರ ತರಿಸುವ ಬರವಣಿಗೆ ಅದು, ಒಪ್ಪುತ್ತೇನೆ. ಅದರಲ್ಲಿ ಮೊದಲು ನೋಡಬೇಕಾದದ್ದು ನಿಮಗೆ ಯಾವ ಯಾವ ದಾರಿ ತೆರೆದಿದೆ ಎನ್ನುವುದು. ಕೆಲವು ಕಡೆ ಕೆಲವೇ ವಾರಗಳಲ್ಲಿ ಸಪ್ಲಿಮೆಂಟರಿ ಅಥವಾ ಮೇಕಪ್ ಪರೀಕ್ಷೆ ಇರುತ್ತದೆ. ಕೆಲವು ಕಡೆ ಮುಂದಿನ ಸಲದ ಮುಖ್ಯ ಪರೀಕ್ಷೆಯವರೆಗೆ ಕಾಯಬೇಕು. ಕೆಲವು ಕಡೆ ಪರೀಕ್ಷೆ ಮಾತ್ರ ಸಾಲದು, ತರಗತಿ, ಪ್ರಯೋಗಾಲಯ, ಹಾಜರಾತಿ ಎಲ್ಲವನ್ನೂ ಮತ್ತೆ ಮಾಡಬೇಕು. ಬೇರೆ ಸಂಸ್ಥೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಅದೇ ಸಬ್ಜೆಕ್ಟ್ ಮುಗಿಸಿ ಅದರ ಕ್ರೆಡಿಟ್, ಅಂದರೆ ಪದವಿಯ ಲೆಕ್ಕದಲ್ಲಿ ಆ ಸಬ್ಜೆಕ್ಟಿಗಿರುವ ತೂಕ, ತರುವುದಕ್ಕೂ ಕೆಲವರು ಒಪ್ಪುತ್ತಾರೆ. ಇದರಲ್ಲಿ ಒಂದು ಎಚ್ಚರಿಕೆ. ಸೇರುವ ಮೊದಲೇ ನಿಮ್ಮ ವಿಭಾಗದಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಹಣ ಕಟ್ಟಿ, ಓದಿ, ಪಾಸಾಗಿ ಬಂದ ಮೇಲೆ ‘ಈ ಸಿಲಬಸ್ ನಮ್ಮದಕ್ಕೆ ಸರಿಹೊಂದುವುದಿಲ್ಲ’ ಎಂದರೆ ಯಾರ ಹತ್ತಿರ ಹೋಗುತ್ತೀರಿ?

ಇಂಟರ್ನಲ್ಸ್, ಅಂದರೆ ಕೊನೆಯ ಪರೀಕ್ಷೆಗೆ ಮೊದಲು ಕಾಲೇಜೇ ಕೊಡುವ ಅಂಕ, ಹಾಗೇ ಉಳಿಯುತ್ತದೆಯೇ, ಅಳಿಸಿಹೋಗುತ್ತದೆಯೇ ಎನ್ನುವುದು ಇನ್ನೊಂದು. ಇದು ಸಣ್ಣ ವಿಷಯ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಇಂಟರ್ನಲ್ಸ್ 40, ಪರೀಕ್ಷೆ 60, ಒಟ್ಟು 50 ಬಂದರೆ ಪಾಸು ಎನ್ನಿ. ನಿಮ್ಮ ಇಂಟರ್ನಲ್ಸ್ 28 ಇದ್ದರೆ ಪರೀಕ್ಷೆಯಲ್ಲಿ 60ಕ್ಕೆ 22 ಸಾಕು. 12 ಇದ್ದರೆ 60ಕ್ಕೆ 38 ಬೇಕು. ಹಿಂದೆ ಒಟ್ಟು ಐವತ್ತು ಮುಟ್ಟಲಾಗದವರು ಈಗ ಪರೀಕ್ಷೆಯಲ್ಲೇ ಶೇಕಡಾ 63 ತೆಗೆಯಬೇಕು. ಅಂಥ ಸಂದರ್ಭದಲ್ಲಿ ಬರೀ ಪರೀಕ್ಷೆಗೆ ಕಟ್ಟುವುದಕ್ಕಿಂತ ಇಡೀ ಸಬ್ಜೆಕ್ಟಿಗೆ ಮತ್ತೆ ನೋಂದಾಯಿಸಿಕೊಂಡು ಇಂಟರ್ನಲ್ಸ್‌ನಿಂದಲೇ ಶುರು ಮಾಡುವುದು ಎಷ್ಟೋ ಮೇಲು. ಕಷ್ಟ ಜಾಸ್ತಿ ಎನಿಸಿದರೂ ಗೆಲ್ಲುವ ಸಾಧ್ಯತೆ ಅಲ್ಲೇ ಜಾಸ್ತಿ.

ವೃತ್ತಿಪರ ಪದವಿಗಳಿಗೆ ಒಂದು ವಿಶೇಷ ಇದೆ. ನಿಯಮ ಮಾಡುವವರು ನಿಮ್ಮ ಕಾಲೇಜಿನವರು ಮಾತ್ರ ಅಲ್ಲ. ಆಯಾ ವೃತ್ತಿಯನ್ನು ನಿಯಂತ್ರಿಸುವ ಸಂಸ್ಥೆಯೂ ಮಾಡುತ್ತದೆ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಎಂಬಿಬಿಎಸ್ ಮೊದಲ ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಪ್ರಯತ್ನ ಇಲ್ಲ, ಇಡೀ ಕೋರ್ಸಿಗೆ 9 ವರ್ಷದ ಗಡುವು. ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯಲ್ಲಿ ಪ್ರತಿ ಹಂತಕ್ಕೆ ಮೊದಲು ಆರು ಪ್ರಯತ್ನ ಇತ್ತು, ಈಗ ನಾಲ್ಕು. ಅಲ್ಲಿನ ವಕೀಲರ ಸಂಘ ಮಾನ್ಯತೆ ಕೊಡುವ ಕಾನೂನು ಕಾಲೇಜುಗಳಲ್ಲಿ ಪದವಿಯನ್ನು 84 ತಿಂಗಳೊಳಗೆ ಮುಗಿಸಬೇಕು. ಇಂಥ ಕಡೆ ನಿಮ್ಮ ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ, ಪ್ರಿನ್ಸಿಪಾಲರ ಮನಸ್ಸು ಎಷ್ಟೇ ಕರಗಿದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಪ್ರಯತ್ನಗಳಿಗೆ ಮಿತಿ ಇದ್ದರೆ ‘ಸುಮ್ನೆ ಒಂದು ಸಲ ಬರೆದು ನೋಡೋಣ’ ಎನ್ನುವ ಮಾತು ದುಬಾರಿ. ತಯಾರಿ ಇಲ್ಲದೆ ಬರೆದ ಪರೀಕ್ಷೆಯೂ ಒಂದು ಪ್ರಯತ್ನವೇ.

ಸಿಜಿಪಿಎ, ಅಂದರೆ ಎಲ್ಲ ಸಬ್ಜೆಕ್ಟುಗಳ ಒಟ್ಟು ಸರಾಸರಿಯ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಹೇಳುತ್ತೇನೆ. ಹತ್ತರ ಮಾಪನ, ಮೊದಲ ಸೆಮಿಸ್ಟರ್, 20 ಕ್ರೆಡಿಟ್. 16 ಕ್ರೆಡಿಟ್‌ಗಳಲ್ಲಿ 8 ಬಂದಿದೆ, 4 ಕ್ರೆಡಿಟ್‌ನ ಒಂದು ಸಬ್ಜೆಕ್ಟ್ ಸೊನ್ನೆ. ಸರಾಸರಿ 6.4. ಆ ಸಬ್ಜೆಕ್ಟನ್ನು ಮತ್ತೆ ಬರೆದು 7 ತೆಗೆದಿರಿ. ಹಳೆಯದನ್ನು ಅಳಿಸಿ ಹೊಸದನ್ನು ಹಾಕುವ ಕಡೆ ಅದು 7.8ಕ್ಕೆ ಏರುತ್ತದೆ. ಹಳೆಯದು ಹೊಸದು ಎರಡನ್ನೂ ಲೆಕ್ಕಕ್ಕೆ ಹಿಡಿಯುವ ಕಡೆ ಏರುವುದು 6.5ಕ್ಕೆ ಮಾತ್ರ. ಅದೇ ಕಷ್ಟ, ಅದೇ ಅಂಕ. ಎರಡನೇ ಥರದ ಕಡೆ ಓದುತ್ತಿರುವವರು ಸರಾಸರಿ ಎತ್ತುವ ಆಸೆಯನ್ನು ಹೋದ ಸಬ್ಜೆಕ್ಟಿನ ಮೇಲೆ ಇಡಬೇಡಿ. ಅದನ್ನು ದಾಟಿ. ಸರಾಸರಿಯನ್ನು ಮುಂದಿನ ಸಬ್ಜೆಕ್ಟುಗಳಲ್ಲಿ ಎತ್ತಿಕೊಳ್ಳಿ. ಪದವಿ ಮುಗಿಯುವ ಹೊತ್ತಿಗೆ, ಅಂದರೆ 160 ಕ್ರೆಡಿಟ್ ಆದಾಗ, ಉಳಿದದ್ದರಲ್ಲೆಲ್ಲ 8 ಇದ್ದರೆ ಮೊದಲ ವಿಧಾನದಲ್ಲಿ 7.98, ಎರಡನೆಯದರಲ್ಲಿ 7.78. ಮೊದಲ ಸೆಮಿಸ್ಟರಿನಲ್ಲಿ ಆಕಾಶ ಕಳಚಿ ಬಿದ್ದಂತೆ ಕಂಡದ್ದು ಕೊನೆಗೆ ಇಷ್ಟೇ.

ಅಂಕಕ್ಕಿಂತ ದೊಡ್ಡ ನಷ್ಟ ಕಾಲದ್ದು. ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಒಂದು ಉದಾಹರಣೆ ನೋಡೋಣ. ಸಿವಿಲ್ ಎಂಜಿನಿಯರಿಂಗ್. ಮೂರನೇ ಸೆಮಿಸ್ಟರಿನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ನಾಲ್ಕರಲ್ಲಿ ಸ್ಟ್ರಕ್ಚರಲ್ ಅನಾಲಿಸಿಸ್, ಐದರಲ್ಲಿ ಡಿಸೈನ್. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಸೇರಿಸುವುದಿಲ್ಲ. ಪ್ರತಿಯೊಂದೂ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಫೇಲಾದವರಿಗೆ ಅದು ಮತ್ತೆ ಸಿಗುವುದು ಐದರಲ್ಲಿ. ಅನಾಲಿಸಿಸ್ ಆರಕ್ಕೆ ಹೋಗುತ್ತದೆ, ಡಿಸೈನ್ ಏಳಕ್ಕೆ. ಡಿಸೈನ್ ಆದ ಮೇಲೆ ಮಾಡಬೇಕಾದ ಪ್ರಾಜೆಕ್ಟ್ ಎಂಟಕ್ಕೆ. ಕೂದಲೆಳೆಯಲ್ಲಿ ಪದವಿ ನಾಲ್ಕು ವರ್ಷದೊಳಗೆ ಉಳಿಯಿತು. ಇನ್ನೊಂದು ಸಲ ಎಡವಿದರೆ ಒಂದು ಸೆಮಿಸ್ಟರ್ ಅಲ್ಲ, ಇಡೀ ವರ್ಷವೇ ಹೋಯಿತು. ಅದೇ ವಿದ್ಯಾರ್ಥಿಗೆ ಮುಂದೆ ಯಾವುದಕ್ಕೂ ತಳಪಾಯವಲ್ಲದ ಐಚ್ಛಿಕ ಸಬ್ಜೆಕ್ಟ್ ಹೋಗಿದ್ದರೆ? ಅದನ್ನು ಮುಂದೆ ಯಾವಾಗಲಾದರೂ ಬರೆದರೆ ಆಯಿತು. ಅಂಕಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇದಕ್ಕೆ ನಿಮಗೆ ಗೊತ್ತಿರುವ ಉಪಾಯವೇ ಇದೆ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಕ್ರಿಟಿಕಲ್ ಪಾತ್ ಎಂಬ ವಿಧಾನ ರೂಪಿಸಿದರು. ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ, ಯಾವುದಕ್ಕೆ ಸ್ವಲ್ಪ ಸಡಿಲ ಇದೆ ಎಂದು ತೋರಿಸುವ ನಕ್ಷೆ ಅದು. ಎಂಜಿನಿಯರಿಂಗ್ ಮತ್ತು ಮ್ಯಾನೇಜ್ಮೆಂಟ್ ಓದುವವರು ಇದನ್ನು ಪರೀಕ್ಷೆಗೆ ಬಿಡಿಸುತ್ತಾರೆ, ಪೂರ್ತಿ ಅಂಕ ತೆಗೆಯುತ್ತಾರೆ. ತಮ್ಮ ಪದವಿಗೆ ಮಾತ್ರ ಅದನ್ನು ಬಿಡಿಸಿ ನೋಡಿದವರು ನನಗೆ ಬಹಳ ಸಿಕ್ಕಿಲ್ಲ! ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಉಳಿದ ಎಲ್ಲ ಸಬ್ಜೆಕ್ಟ್ ಬರೆಯಿರಿ. ಯಾವುದರ ಮೇಲೆ ಯಾವುದು ನಿಂತಿದೆ ಎಂದು ಬಾಣ ಹಾಕಿ. ಯಾವ ಸೆಮಿಸ್ಟರಿನಲ್ಲಿ ಯಾವುದು ಸಿಗುತ್ತದೆ ಎಂದು ಗುರುತು ಮಾಡಿ. ಎರಡು ಸಬ್ಜೆಕ್ಟ್ ಉಳಿಸಿಕೊಂಡವರು ಯಾವುದನ್ನು ಮೊದಲು ಹಿಡಿಯಬೇಕು ಎಂದು ಕೇಳುತ್ತಾರಲ್ಲ, ಉತ್ತರ ಆ ಹಾಳೆಯಲ್ಲಿ ಇರುತ್ತದೆ. ಸುಲಭವಾದದ್ದನ್ನು ಮೊದಲು ಮುಗಿಸಿ ಸಂಖ್ಯೆ ಇಳಿಸೋಣ ಎನ್ನುವುದು ಸಾಮಾನ್ಯ ಆಲೋಚನೆ. ಹೆಚ್ಚಿನ ಸಲ ಅದು ತಪ್ಪು. ಬಾಣಗಳ ಉದ್ದದ ಸರಪಳಿ ಹೊರಡುವ ಸಬ್ಜೆಕ್ಟೇ ಮೊದಲು.

ಕೆಲವು ಕಡೆ ಹಿಂದಿನದು ಪಾಸಾಗದೆಯೂ ಮುಂದಿನದಕ್ಕೆ ಬಿಡುತ್ತಾರೆ. ಅದನ್ನು ಉಪಕಾರ ಎಂದು ಭಾವಿಸುತ್ತೇವೆ. ನಿಯಮ ಬಿಟ್ಟರೂ ವಿಷಯ ಬಿಡಬೇಕಲ್ವಾ? ಸ್ಟ್ರೆಂತ್ ಗೊತ್ತಿಲ್ಲದೆ ಅನಾಲಿಸಿಸ್ ತರಗತಿಯಲ್ಲಿ ಕೂತವರಿಗೆ ಉಳಿದುಹೋದ ಒಂದು ಸಬ್ಜೆಕ್ಟ್ ಎರಡಾಗುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಹಾಗೆ ಸೇರಲೇಬೇಕಾದರೆ ಮೊದಲ ತಿಂಗಳಲ್ಲೇ ಹಳೆಯ ಸಬ್ಜೆಕ್ಟಿನ ಬೇಕಾದ ಭಾಗವನ್ನಾದರೂ ಗಟ್ಟಿ ಮಾಡಿಕೊಳ್ಳಿ.

ಸಮಯ ಎಲ್ಲಿಂದ ತರುತ್ತೀರಿ? ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ವರ್ಷಕ್ಕೆ 60 ಕ್ರೆಡಿಟ್. ಆರು ಕ್ರೆಡಿಟ್‌ನ ಒಂದು ಸಬ್ಜೆಕ್ಟ್ 150ರಿಂದ 180 ಗಂಟೆ. ಅಮೆರಿಕದಲ್ಲಿ ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದು ಎನ್ನುವ ಲೆಕ್ಕ. ಸುಮಾರು 15 ವಾರದ ಸೆಮಿಸ್ಟರಿಗೆ ಒಂದು ಕ್ರೆಡಿಟ್ 45 ಗಂಟೆ, ನಾಲ್ಕು ಕ್ರೆಡಿಟ್ ಆದರೆ 180 ಗಂಟೆ. ಎರಡನೇ ಸಲ ಓದುವವರಿಗೆ ಅಷ್ಟು ಬೇಡ, ಅರ್ಧ ಸಾಕು ಎನ್ನೋಣ. ಆಗಲೂ 90 ಗಂಟೆ. 12 ವಾರ ಇದ್ದರೆ ವಾರಕ್ಕೆ ಏಳೂವರೆ ಗಂಟೆ. ಈ ಸೆಮಿಸ್ಟರಿನ ಪೂರ್ತಿ ಓದಿನ ಜೊತೆಗೆ ಇದು. ವೇಳಾಪಟ್ಟಿಯಲ್ಲಿ ಈ ಏಳೂವರೆ ಗಂಟೆ ಯಾವ ದಿನ ಯಾವ ಹೊತ್ತು ಎಂದು ತೋರಿಸಲಾಗದಿದ್ದರೆ, ‘ಹೇಗೋ ಮಾಡ್ತೀನಿ’ ಎಂಬ ಮಾತಿಗೆ ಬೆಲೆ ಇಲ್ಲ. ಒಂದು ಐಚ್ಛಿಕವನ್ನು ಮುಂದಕ್ಕೆ ಹಾಕಿ, ಆಗಬಹುದು. ಆದರೆ ವಿದ್ಯಾರ್ಥಿವೇತನಕ್ಕೋ ವೀಸಾಕ್ಕೋ ಕನಿಷ್ಠ ಇಷ್ಟು ಕ್ರೆಡಿಟ್ ಇರಲೇಬೇಕು ಎಂಬ ಷರತ್ತು ಇದ್ದರೆ ಅದನ್ನು ನೋಡಿಕೊಂಡ ಮೇಲೆಯೇ ಮುಂದಕ್ಕೆ ಹಾಕಿ.

ಈಗ ಓದಿನ ವಿಷಯ. ಎರಡನೇ ಸಲ ಓದುವವರಿಗೆ ಒಂದು ಅನುಕೂಲ, ಒಂದು ಅಪಾಯ.

ಅನುಕೂಲದ ವಿಷಯ 1885ರಲ್ಲೇ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತೋರಿಸಿದ್ದಾನೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿಯಲು ಎಷ್ಟು ಕಡಿಮೆ ಸಮಯ ಬೇಕಾಯಿತು ಎಂದು ಅಳೆದ. ಒಂದು ದಿನದ ಬಳಿಕ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿತಾಯವಾಯಿತು. 31 ದಿನದ ಬಳಿಕವೂ ಸುಮಾರು 21 ಶೇಕಡಾ ಉಳಿತಾಯವಾಯಿತು. ಪೂರ್ತಿ ಮರೆತೆ ಎಂದುಕೊಂಡದ್ದರಲ್ಲೂ ಏನೋ ಉಳಿದಿರುತ್ತದೆ. ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಆದರೆ ಅವನ ಲೆಕ್ಕದಲ್ಲಿ ಹೆಚ್ಚು ಸೋರಿಹೋದದ್ದು ಮೊದಲ ದಿನಗಳಲ್ಲೇ. ಪರೀಕ್ಷೆಗೆ ಆರು ತಿಂಗಳು ಇದೆ ಎಂದು ಐದು ತಿಂಗಳು ಪುಸ್ತಕ ಮುಚ್ಚಿಡುವವರು ಈ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಅಪಾಯ ಇದಕ್ಕಿಂತ ದೊಡ್ಡದು. ಹಳೆಯ ನೋಟ್ಸ್ ತೆರೆದ ಕೂಡಲೇ ಎಲ್ಲ ಪರಿಚಿತ ಅನಿಸುತ್ತದೆ. ‘ಹೌದು, ಇದು ಗೊತ್ತು, ಇದೂ ಗೊತ್ತು’ ಎಂದು ಪುಟ ತಿರುಗುತ್ತವೆ. ಮುಖಪರಿಚಯ ಇದ್ದಮಾತ್ರಕ್ಕೆ ಹೆಸರು ಗೊತ್ತಿದೆ ಎಂದಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸುತ್ತು ಓದಿತು. ಅಷ್ಟರಲ್ಲಿ ಅವರು ಅದನ್ನು ಸರಾಸರಿ 14 ಸಲ ಓದಿ ಮುಗಿಸಿದ್ದರು. ಇನ್ನೊಂದು ಗುಂಪು ಒಂದು ಸುತ್ತು ಮಾತ್ರ ಓದಿತು. ಉಳಿದ ಮೂರು ಸುತ್ತು ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದೆ, 83 ಶೇಕಡಾ. ಬರೆದವರು 71. ಒಂದು ವಾರ ಬಿಟ್ಟು ಕೇಳಿದರು. ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ತಮಾಷೆ ಎಂದರೆ, ವಾರದ ಬಳಿಕ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ನಂಬಿದ್ದವರು ಬರೀ ಓದಿದವರೇ.

ಆದ್ದರಿಂದ ಎರಡನೇ ಸಲ ಓದುವಾಗ ನೋಟ್ಸ್ ತೆರೆಯುವ ಮೊದಲು ಹಾಳೆ ತೆರೆಯಿರಿ. ಅಧ್ಯಾಯದ ಹೆಸರು ಬರೆದು, ಗೊತ್ತಿರುವುದೆಲ್ಲ ಬರೆಯಿರಿ. ಲೆಕ್ಕದ ಸಬ್ಜೆಕ್ಟ್ ಆದರೆ ಬಿಡಿಸಿದ ಲೆಕ್ಕ ಓದುವುದನ್ನು ನಿಲ್ಲಿಸಿ, ಉತ್ತರ ಮುಚ್ಚಿ ನೀವೇ ಬಿಡಿಸಿ. ಎಲ್ಲಿ ನಿಂತಿತೋ ಅಲ್ಲಿಗೆ ಮಾತ್ರ ಪುಸ್ತಕ ಬೇಕು. ಮೊದಲ ವಾರ ಇದು ಅವಮಾನದ ಕೆಲಸ. ಅರ್ಧ ಪುಟವೂ ತುಂಬುವುದಿಲ್ಲ. ಆ ಅರ್ಧ ಪುಟವೇ ನಿಮ್ಮ ನಿಜವಾದ ಮಟ್ಟ, ಅದು ಪರೀಕ್ಷೆಯ ದಿನ ಗೊತ್ತಾಗುವುದಕ್ಕಿಂತ ಇವತ್ತೇ ಗೊತ್ತಾಗಲಿ.

ಒಮ್ಮೆ ಮುಗಿಸಿದ ಅಧ್ಯಾಯಕ್ಕೆ ಮತ್ತೆ ಯಾವಾಗ ಮರಳಬೇಕು? 2008ರಲ್ಲಿ ಪ್ರಕಟವಾದ, 1,350ಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ಅಧ್ಯಯನ ಇದನ್ನೇ ನೋಡಿತು. ಒಂದು ವಾರದ ಬಳಿಕದ ಪರೀಕ್ಷೆಗೆ ಎರಡು ಓದಿನ ನಡುವೆ ಒಂದು ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. 35 ದಿನದ ಬಳಿಕದ ಪರೀಕ್ಷೆಗೆ 11 ದಿನ, 70 ದಿನದ ಬಳಿಕದ ಪರೀಕ್ಷೆಗೆ 21 ದಿನ. ಅಲ್ಲಿ ಕಲಿಸಿದ್ದು ಚಿಕ್ಕ ಚಿಕ್ಕ ಸಂಗತಿಗಳನ್ನು, ನಿಮ್ಮ ಸಬ್ಜೆಕ್ಟ್ ಅಷ್ಟು ಸರಳ ಅಲ್ಲ. ದಿನಗಳನ್ನು ಪಂಚಾಂಗದಂತೆ ಹಿಡಿಯಬೇಡಿ. ಪರೀಕ್ಷೆ ದೂರ ಇದ್ದಷ್ಟೂ ಅಂತರ ಹೆಚ್ಚಿರಲಿ ಎನ್ನುವುದನ್ನು ಹಿಡಿಯಿರಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬರೆಯುವ ಪರೀಕ್ಷೆಗೆ. ವಾರ್ಡಿನಲ್ಲಿ, ಕ್ಲಿನಿಕ್ಕಿನಲ್ಲಿ, ಪ್ರಾಕ್ಟಿಕಲ್‌ನಲ್ಲಿ ಫೇಲಾದವರ ಕಥೆಯೇ ಬೇರೆ. ಅವರಿಗೆ ಉತ್ತರ ಪತ್ರಿಕೆ ಇರುವುದಿಲ್ಲ. ‘ಆತ್ಮವಿಶ್ವಾಸ ಸಾಲದು’, ‘ಇನ್ನೂ ಸುಧಾರಿಸಬೇಕು’ ಎಂಬ ಮಾತು ಮಾತ್ರ ಸಿಗುತ್ತದೆ. ಅದರಿಂದ ಏನು ತಿದ್ದಿಕೊಳ್ಳುವುದು? ಇದರಲ್ಲಿ ಕಲಿಸುವವರ ಪಾಲೂ ಇದೆ. ಸ್ಕಾಟ್ಲೆಂಡ್‌ನಲ್ಲಿ ಕ್ಯಾಥ್ಲೀನ್ ಡಫಿ ಎಂಬ ಸಂಶೋಧಕಿ 2003ರಲ್ಲಿ ನರ್ಸಿಂಗ್ ಮಾರ್ಗದರ್ಶಕರ ಜೊತೆ ಮಾತಾಡಿ ಒಂದು ವರದಿ ಬರೆದರು. ವಿದ್ಯಾರ್ಥಿ ಹಿಂದೆ ಬಿದ್ದಿದ್ದಾರೆ ಎಂದು ಅನುಮಾನ ಇದ್ದರೂ ಮಾರ್ಗದರ್ಶಕರು ಫೇಲ್ ಮಾಡಲು ಹಿಂಜರಿಯುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದರು. ಪರಿಣಾಮ ಏನಾಗುತ್ತದೆ? ತೊಂದರೆ ಇದೆ ಎನ್ನುವುದು ವಿದ್ಯಾರ್ಥಿಗೆ ಗೊತ್ತಾಗುವುದು ತೀರಾ ತಡವಾಗಿ.

ಹಾಗಾಗಿ ಮತ್ತೆ ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ ಹೋಗುವವರು ಹೋಗುವ ಮೊದಲೇ ಕೇಳಿ: ಯಾವ ಕೆಲಸದಲ್ಲಿ, ನಾನು ಏನು ಮಾಡಿದೆ, ಏನು ಮಾಡಬೇಕಿತ್ತು? ಬರೆದುಕೊಡಿ ಎಂದು ಮರ್ಯಾದೆಯಿಂದಲೇ ಕೇಳಿ. ಅರ್ಧ ಅವಧಿ ಮುಗಿದಾಗ ಮತ್ತೆ ಕೇಳಿ. ಓಸ್ಕಿ ಪರೀಕ್ಷೆ, ಅಂದರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ ಪ್ರತಿ ಕಡೆ ಕೆಲವೇ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪದ್ಧತಿಯನ್ನು ರೊನಾಲ್ಡ್ ಹಾರ್ಡನ್ 1975ರಲ್ಲಿ ಡಂಡಿಯಲ್ಲಿ ತಂದದ್ದೇ ಪರೀಕ್ಷಕರ ಅಭಿಪ್ರಾಯದ ಏರುಪೇರು ತಗ್ಗಿಸಲು. ಅದರಲ್ಲಿ ಪಟ್ಟಿ ನೋಡಿ ಅಂಕ ಕೊಡುತ್ತಾರೆ. ರೋಗಿಗೆ ತನ್ನ ಹೆಸರು ಹೇಳಿದರೇ, ಒಪ್ಪಿಗೆ ಕೇಳಿದರೇ, ಕೈ ತೊಳೆದರೇ. ಇಂಥದ್ದರಲ್ಲಿ ಹೋದವರು ರಾತ್ರಿಯೆಲ್ಲ ಪುಸ್ತಕ ಓದುತ್ತಾರೆ. ಬೇಕಾದದ್ದು ಒಬ್ಬ ಸ್ನೇಹಿತ, ಒಂದು ಗಡಿಯಾರ, ಒಂದು ಪಟ್ಟಿ.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ.

‘ಸರ್, ನಮ್ಮಲ್ಲಿ ಉತ್ತರ ಪತ್ರಿಕೆ ತೋರಿಸುವುದೇ ಇಲ್ಲ. ಏನು ಮಾಡಲಿ?’

ಪ್ರಶ್ನೆ ಪತ್ರಿಕೆ ಇದೆಯಲ್ಲ? ಅದನ್ನೇ ಇಟ್ಟುಕೊಂಡು, ಪುಸ್ತಕ ಮುಚ್ಚಿ, ಅಷ್ಟೇ ಸಮಯದಲ್ಲಿ ಮತ್ತೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು ನೀವೇ ತಿದ್ದಿ, ಇಲ್ಲವೇ ಚೆನ್ನಾಗಿ ಪಾಸಾದ ಒಬ್ಬರಿಂದ ತಿದ್ದಿಸಿ. ಹೋದ ಅಂಕಗಳ ಕಾರಣ ಹೆಚ್ಚುಕಡಿಮೆ ಅದರಲ್ಲೇ ಸಿಗುತ್ತದೆ.

‘ಜೂನಿಯರ್‌ಗಳ ಜೊತೆ ಕೂರುವುದಕ್ಕೆ ಆಗುತ್ತಿಲ್ಲ.’

ಮೊದಲ ವಾರ ಎಲ್ಲರೂ ತಿರುಗಿ ನೋಡುತ್ತಾರೆ, ಅದನ್ನು ತಪ್ಪಿಸಲಾಗದು. ಮೂರನೇ ವಾರದ ಹೊತ್ತಿಗೆ ‘ಅಣ್ಣ, ಹೋದ ವರ್ಷ ಯಾವ ಪ್ರಶ್ನೆ ಬಂದಿತ್ತು’ ಎಂದು ಕೇಳಿಕೊಂಡು ಬರುತ್ತಾರೆ. ಆಗ ಪ್ರಶ್ನೆ ಹೇಳಿ ಕಳಿಸಬೇಡಿ, ಕೂರಿಸಿಕೊಂಡು ವಿವರಿಸಿ. ಇನ್ನೊಬ್ಬರಿಗೆ ವಿವರಿಸಲು ಹೋದಾಗ ನಿಮಗೆ ಎಲ್ಲಿ ಗೊತ್ತಿಲ್ಲ ಎನ್ನುವುದು ಅಲ್ಲೇ ಬಯಲಾಗುತ್ತದೆ.

‘ಇದು ನನ್ನ ಕೈಲಿ ಆಗುವ ಪದವಿ ಅಲ್ಲ ಅನಿಸುತ್ತಿದೆ. ಬಿಡಬೇಕಾ?’

ಒಂದು ಸಬ್ಜೆಕ್ಟ್ ಒಮ್ಮೆ ಹೋದದ್ದು ಅದನ್ನು ಹೇಳುವುದಿಲ್ಲ. ಎಲ್ಲಿ ಹೋಯಿತು ಎಂದು ಹುಡುಕಿ, ಬೇರೆ ಥರ ಓದಿ, ಸರಿಯಾದ ಸಮಯ ಕೊಟ್ಟು ಬರೆದ ಮೇಲೂ ವೃತ್ತಿಯ ಮೂಲ ಸಬ್ಜೆಕ್ಟುಗಳೇ ಮತ್ತೆ ಮತ್ತೆ ಹೋಗುತ್ತಿದ್ದರೆ, ಪಾಸಾದ ದಿನವೂ ಅದರ ಬಗ್ಗೆ ಯಾವ ಕುತೂಹಲವೂ ಹುಟ್ಟದಿದ್ದರೆ, ಆಗ ಬೇರೆ ದಾರಿ ಯೋಚಿಸುವುದು ಸೋಲಲ್ಲ. ಆದರೆ ಆ ಯೋಚನೆಯನ್ನು ರಿಸಲ್ಟ್ ಬಂದ ತಿಂಗಳು ಮಾಡಬೇಡಿ. ನಿದ್ದೆ ಬಾರದೆ, ಊಟ ಸೇರದೆ ವಾರಗಳು ಕಳೆದಿದ್ದರೆ ಪದವಿಯ ಪ್ರಶ್ನೆಗಿಂತ ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ‘ಅಂಕಪಟ್ಟಿಯಲ್ಲಿ ಎರಡನೇ ಪ್ರಯತ್ನ ಎಂದು ಕಾಣುತ್ತದೆ. ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಲಿ?’

ಎರಡು ಮೂರು ವಾಕ್ಯ ಸಾಕು. ‘ಮೊದಲ ಸಲ ಫೇಲಾದೆ. ಹಿಂದಿನ ಸಬ್ಜೆಕ್ಟಿನ ಗಣಿತ ಗಟ್ಟಿ ಇರಲಿಲ್ಲ. ಅದನ್ನು ಸರಿಮಾಡಿಕೊಂಡು ಮತ್ತೆ ಬರೆದೆ.’ ಮನೆಯ ಕಷ್ಟ, ಮೇಷ್ಟ್ರ ಸಿಟ್ಟು, ಕಷ್ಟದ ಪ್ರಶ್ನೆ ಪತ್ರಿಕೆ ಯಾವುದೂ ಬೇಡ. ಕೇಳದಿದ್ದರೆ ನೀವಾಗಿ ಎತ್ತುವ ಅಗತ್ಯವೂ ಇಲ್ಲ. ಕೇಳಿದವರು ಅಲ್ಲಿಗೇ ಬಿಡುವುದಿಲ್ಲ ಎನ್ನುವುದು ನೆನಪಿರಲಿ. ಮುಂದಿನ ಪ್ರಶ್ನೆ ಬಹುಶಃ ಆ ಸಬ್ಜೆಕ್ಟಿನ ಮೇಲೆಯೇ ಇರುತ್ತದೆ. ಹಿಂದಿನ ರಾತ್ರಿ ಬೇರೆ ಏನು ಓದದಿದ್ದರೂ ಅದನ್ನು ಓದಿಕೊಂಡು ಹೋಗಿ.